ಲದ್ದಿಯಲ್ಲಿ ಹುಲ್ಲಿನೆಳೆ ಕಾಣುತ್ತೆ, ಸಗಣಿಯಲ್ಲಿ ಯಾಕಿಲ್ಲ? ಹಸುವಿನ ಮೇವು ಕುದುರೆಗೂ ಆಗುತ್ತಾ?

ಹಿತ್ತಲಮನೆ

ಒಂದೇ ಸೂರಿನಡಿ ಎರಡು ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ) ಹಸು (ತಲಾ 400 ಕೆಜಿ ಆಸುಪಾಸು, ದಿನಕ್ಕೆ 10–12 ಲೀಟರ್ ಹಾಲು), ಜೊತೆಗೆ 350 ಕೆಜಿ ತೂಗುವ ಒಂದು ಕುದುರೆ. ಉಗ್ರಾಣದಲ್ಲಿ ಇರುವುದು ರಾಗಿ ಹುಲ್ಲು, ನೇಪಿಯರ್, ಗೋಧಿ ಬೂಸಾ, ಮುಸುಕಿನಜೋಳದ ನುಚ್ಚು, ಹುರುಳಿ, ಮೂಟೆಯಲ್ಲಿ ಬರುವ ಪಶು ಆಹಾರ. ಇಷ್ಟನ್ನೇ ಎರಡಕ್ಕೂ ಹಂಚಬಹುದೇ?

ಇದಕ್ಕೇ ಸೇರಿದ ಇನ್ನೊಂದು ಅನುಮಾನ. ಹಸುವೂ ಹುಲ್ಲು ತಿನ್ನುತ್ತೆ, ಕುದುರೆಯೂ ಹುಲ್ಲು ತಿನ್ನುತ್ತೆ. ಸಗಣಿ ನೆಲ ಸಾರಿಸುವಷ್ಟು ನುಣ್ಣಗಿರುತ್ತೆ, ಲದ್ದಿ ಮುರಿದರೆ ಒಳಗೆ ಹುಲ್ಲು ಎಳೆ ಎಳೆಯಾಗಿ ಹಾಗೇ ಇರುತ್ತೆ. ಕುದುರೆಗೆ ಅರಗುತ್ತಿಲ್ಲ ಅಂತ ಅರ್ಥವಾ, ಇಲ್ಲ ಅದೇ ಸಹಜವಾ?

ಮೆಲುಕು

ಎಳೆ ಕಾಣುವುದು ಸಹಜ. ಎಷ್ಟು ಉದ್ದದ ಎಳೆ ಅನ್ನುವುದನ್ನು ಮಾತ್ರ ನೋಡಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಹುಲ್ಲಿನ ನಾರನ್ನು ಒಡೆಯುವ ಕಿಣ್ವ ಹಸುವಿನ ಮೈಯಲ್ಲೂ ಹುಟ್ಟುವುದಿಲ್ಲ, ಕುದುರೆಯ ಮೈಯಲ್ಲೂ ಹುಟ್ಟುವುದಿಲ್ಲ. ಎರಡೂ ಆ ಕೆಲಸವನ್ನು ಸೂಕ್ಷ್ಮಾಣುಗಳಿಗೆ ಗುತ್ತಿಗೆ ಕೊಟ್ಟಿವೆ. ಹುಲ್ಲು ಹುಳಿ ಬರಿಸುವ ಹಂಡೆಯನ್ನು ಹಸು ದಾರಿಯ ಮೊದಲಿಗೆ ಇಟ್ಟುಕೊಂಡಿದೆ, ಕುದುರೆ ದಾರಿಯ ಕೊನೆಗೆ. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಈ ಒಂದು ವ್ಯತ್ಯಾಸದಿಂದಲೇ ಹೊರಡುತ್ತದೆ.

ಹಸುವಿನ ಹಂಡೆ ಅಂದರೆ ರೂಮೆನ್. ನಿಮ್ಮ ಗಾತ್ರದ ಹಸುವಿನಲ್ಲಿ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಎಡಪಕ್ಕೆ ಪೂರ್ತಿ ಅದೇ. ಹಸು ಮೇಯುವಾಗ ಅಗಿಯುವುದು ಕಡಿಮೆ, ನುಂಗುವುದು ಹೆಚ್ಚು. ಒಳಗೆ ಮೇಲ್ಗಡೆ ಗಾಳಿ, ನಡುವೆ ತೇಲುವ ಹುಲ್ಲಿನ ಹಾಸು, ಕೆಳಗೆ ಗಂಜಿಯಂಥ ದ್ರವ. ನಿಮಿಷಕ್ಕೆ ಒಂದೆರಡು ಸಲ ಗೋಡೆ ಹಿಂಡಿ ಎಲ್ಲವನ್ನೂ ಕಲಕುತ್ತದೆ. ಆಮೇಲೆ ಮೆಲುಕು: ತೇಲುವ ಒರಟು ಹುಲ್ಲು ಒಂದೊಂದೇ ಉಂಡೆಯಾಗಿ ಬಾಯಿಗೆ ವಾಪಸ್ ಬರುತ್ತದೆ, ಒಂದು ಉಂಡೆಗೆ 40–60 ಸಲ ಅಗಿತ, ದಿನಕ್ಕೆ ಒಟ್ಟು 6ರಿಂದ 9 ಗಂಟೆ. ರೂಮೆನ್‌ನಿಂದ ಮುಂದಕ್ಕೆ ಹೋಗುವ ಬಾಗಿಲು ಒಂದು ಜರಡಿ ಇದ್ದಂತೆ. ಒಂದೆರಡು ಮಿಲಿಮೀಟರಿಗೆ ಇಳಿದು, ನೆನೆದು ಭಾರವಾಗಿ ಕೆಳಗೆ ಕೂತ ಚೂರಿಗೆ ಮಾತ್ರ ದಾರಿ. ಉದ್ದದ ಎಳೆಗೆ ಸಗಣಿ ತನಕ ಬರಲು ಪರವಾನಗಿಯೇ ಇಲ್ಲ.

ಸೂಕ್ಷ್ಮಾಣುಗಳು ನಾರನ್ನು ಒಡೆದು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲ ಮಾಡುತ್ತವೆ. ಹುಲ್ಲೇ ಹೆಚ್ಚಿದ್ದಾಗ ಇವುಗಳಲ್ಲಿ ಅಸಿಟಿಕ್ ಪಾಲು ಶೇ 65ರ ಸುತ್ತ. ಇವು ರೂಮೆನ್ ಗೋಡೆಯ ಮೂಲಕವೇ ರಕ್ತಕ್ಕೆ ಇಳಿದು ಹಸುವಿಗೆ ಬೇಕಾದ ಶಕ್ತಿಯ ಬಹುಪಾಲನ್ನು ಒದಗಿಸುತ್ತವೆ. ಹಾಲಿನ ಕೊಬ್ಬಿಗೆ ಅಸಿಟಿಕ್ ಬೇಕು, ಹಾಲಿನ ಸಕ್ಕರೆಗೆ ಪ್ರೊಪಿಯಾನಿಕ್ ಬೇಕು. ಹುಲ್ಲು ಕಡಿಮೆ ಮಾಡಿ ನುಚ್ಚು ಜಾಸ್ತಿ ಮಾಡಿದ ವಾರದಲ್ಲೇ ಡೇರಿಯಲ್ಲಿ ಫ್ಯಾಟ್ ಬೀಳುವುದು ಇದರಿಂದಲೇ. ಹಾಲಿಗೆ ನೀರು ಬೆರೆಸಿದರು ಅಂತ ಜಗಳ ಆಡುವ ಮೊದಲು ಮೇವಿನ ಅಳತೆ ನೋಡಿ.

ಆಮ್ಲ ಇಷ್ಟು ಹುಟ್ಟಿದರೂ ಹಂಡೆ ಕೆಡದಿರುವುದು ಜೊಲ್ಲಿನಿಂದ. ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ನುಂಗುತ್ತದೆ, ಅದರ ತುಂಬ ಸೋಡಾ ಉಪ್ಪು. ಅಗಿತ ಕಡಿಮೆಯಾದರೆ ಜೊಲ್ಲು ಕಡಿಮೆ, ಜೊಲ್ಲು ಕಡಿಮೆಯಾದರೆ ಹುಳಿ ಏರುತ್ತದೆ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6ರಿಂದ 7ರ ನಡುವೆ ಇದ್ದರೆ ನಾರು ತಿನ್ನುವ ಸೂಕ್ಷ್ಮಾಣುಗಳಿಗೆ ಹಿತ, 6ರ ಕೆಳಗೆ ಹೋದಂತೆ ಅವು ಮಂಕಾಗುತ್ತವೆ.

ಹಂಡೆ ಮುಂದೆ ಇರುವುದರ ದೊಡ್ಡ ಲಾಭ ಇನ್ನೂ ಬಾಕಿ ಇದೆ. ರೂಮೆನ್‌ನಲ್ಲಿ ಬೆಳೆದ ಸೂಕ್ಷ್ಮಾಣುಗಳು ಮೇವಿನ ಜೊತೆ ಹಿಂದಿನ ಆಮ್ಲದ ಹೊಟ್ಟೆಗೆ ಹರಿದು ಅಲ್ಲಿ ಸತ್ತು, ಸಣ್ಣ ಕರುಳಿನಲ್ಲಿ ಪ್ರೋಟೀನಾಗಿ ಹೀರಿಕೆಯಾಗುತ್ತವೆ. ಹುಲ್ಲು ಹಾಕಿ ಸೂಕ್ಷ್ಮಾಣು ಸಾಕಿ, ಕೊನೆಗೆ ಸಾಕಿದ್ದನ್ನೇ ಊಟ ಮಾಡುವ ವ್ಯವಸಾಯ ಅದು.

ಕುದುರೆಯದು ತಿರುಗುಮುರುಗು. ಒಮ್ಮೆ ಅಗಿದರೆ ಅಗಿದಂತೆ, ಮೆಲುಕಿಲ್ಲ. ಆದ್ದರಿಂದ ಮೊದಲ ಸಲವೇ ಚೆನ್ನಾಗಿ ಅಗಿಯುತ್ತದೆ: ಒಂದು ಕೆಜಿ ಒಣ ಹುಲ್ಲಿಗೆ 3,000ಕ್ಕೂ ಹೆಚ್ಚು ಅಗಿತ, ಸುಮಾರು 40 ನಿಮಿಷ. ಹೊಟ್ಟೆ ಚಿಕ್ಕದು, 500 ಕೆಜಿ ಕುದುರೆಗೇ 8ರಿಂದ 15 ಲೀಟರ್. ಅಲ್ಲಿಂದ ಸಣ್ಣ ಕರುಳು, ಸುಮಾರು 20 ಮೀಟರ್, ಕೆಲವೇ ಗಂಟೆಗಳ ಪಯಣ. ಕಾಳಿನ ಪಿಷ್ಟ, ಸಕ್ಕರೆ, ಎಣ್ಣೆ, ಪ್ರೋಟೀನು ಇಲ್ಲೇ ಅರಗಿ ನೇರ ರಕ್ತಕ್ಕೆ ಹೋಗುತ್ತವೆ, ಸೂಕ್ಷ್ಮಾಣುಗಳಿಗೆ ತೆರಿಗೆ ಕಟ್ಟದೆ. ಉಳಿದ ನಾರು ಬಲಪಕ್ಕೆಯ ಕುರುಡುಕರುಳಿಗೆ (25–35 ಲೀಟರ್), ಅಲ್ಲಿಂದ ದೊಡ್ಡ ಕರುಳಿಗೆ. ಹಂಡೆ ಇದೇ. ಇಲ್ಲೂ ಅದೇ ಮೂರು ಆಮ್ಲ ಹುಟ್ಟಿ ಗೋಡೆಯ ಮೂಲಕ ಹೀರಿಕೆಯಾಗುತ್ತವೆ, ಶಕ್ತಿಗೆ ಮೋಸವಿಲ್ಲ. ಆದರೆ ಬೆಳೆದ ಸೂಕ್ಷ್ಮಾಣುಗಳನ್ನು ಅರಗಿಸುವ ಸಣ್ಣ ಕರುಳು ಹಿಂದೆಯೇ ಮುಗಿದುಹೋಗಿದೆ. ಅವುಗಳ ಪ್ರೋಟೀನು ಬಹುಪಾಲು ಲದ್ದಿಯ ಜೊತೆ ಹೊರಗೆ.

ಜರಡಿ ಇಲ್ಲದ್ದರಿಂದ ಎಳೆ ಎಳೆಯಾಗಿಯೇ ಬರುತ್ತದೆ. ಒರಟು ನಾರನ್ನು ಕುದುರೆ ಅರಗಿಸುವುದು ಹಸುವಿನ ಮೂರನೇ ಎರಡರಷ್ಟು ಅಂದುಕೊಳ್ಳಿ. ಅದನ್ನು ಹೆಚ್ಚು ತಿಂದು, ಬೇಗ ಸಾಗಿಸಿ ಸರಿದೂಗಿಸುತ್ತದೆ: ಬಾಯಿಂದ ಲದ್ದಿಗೆ ಒಂದೂವರೆಯಿಂದ ಎರಡು ದಿನ, ಹಸುವಿಗೆ ಎರಡು ಮೂರು ದಿನ. ಬರೀ ಭತ್ತದ ಹುಲ್ಲು ಹಾಕಿದಾಗ ಹಸುವಿನ ಹಂಡೆ ಖಾಲಿಯಾಗದೆ ಅದು ತಿನ್ನುವುದನ್ನೇ ನಿಲ್ಲಿಸುತ್ತದೆ, ಕುದುರೆ ಮಾತ್ರ ತಿಂತಲೇ ಇರುತ್ತದೆ.

ಎಳೆಯ ಉದ್ದ: ಬೆರಳಿನ ಉಗುರಿನ ಅಗಲಕ್ಕಿಂತ ಉದ್ದದ ಎಳೆ ತುಂಬ ಇದ್ದರೆ, ಅಥವಾ ಇಡೀ ಕಾಳು ಹಾಗೇ ಬಿದ್ದರೆ, ಅರಗುವಿಕೆ ಬಿಟ್ಟು ಹಲ್ಲು ನೋಡಿಸಿ. ಕುದುರೆಯ ದವಡೆ ಹಲ್ಲು ಜೀವಮಾನವಿಡೀ ಮೇಲೇಳುತ್ತಿರುತ್ತದೆ. ಮೇಲಿನ ಸಾಲಿನ ಹೊರ ಅಂಚು, ಕೆಳಗಿನ ಸಾಲಿನ ಒಳ ಅಂಚು ಚೂಪಾಗುತ್ತವೆ. ವರ್ಷಕ್ಕೊಮ್ಮೆ ಅರ ಹಾಕಿಸಬೇಕು.

ಲಾಯದಬದಿ

ಮೇಲಿನದ್ದಕ್ಕೆ ತುರ್ತಾಗಿ ಒಂದು ಸೇರಿಸಲೇಬೇಕು. ಮೂಟೆಯ ಪಶು ಆಹಾರ ಕುದುರೆಗೆ ಬೇಡ. ರುಚಿ, ಬೆಲೆ, ಪ್ರೋಟೀನು ಯಾವುದರ ಪ್ರಶ್ನೆಯೂ ಅಲ್ಲ. ಕೆಲವು ದನದ ಆಹಾರಕ್ಕೆ, ಖನಿಜ ಮಿಶ್ರಣಕ್ಕೆ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ರೂಮೆನ್‌ನಲ್ಲಿ ಅದು ಪ್ರೊಪಿಯಾನಿಕ್ ಪಾಲು ಹೆಚ್ಚಿಸಿ ಮೀಥೇನ್ ಕಡಿಮೆ ಮಾಡುತ್ತದೆ, ಹಸುವಿಗೆ ಒಳ್ಳೆಯದೇ. ಕುದುರೆಗೆ ಅದು ವಿಷ: ಕೆಜಿ ತೂಕಕ್ಕೆ 2–3 ಮಿಲಿಗ್ರಾಂ ಸಾಕು, ಹೃದಯದ ಸ್ನಾಯು ಕೆಡುತ್ತದೆ, ಮದ್ದಿಲ್ಲ. 350 ಕೆಜಿ ಕುದುರೆಗೆ ಲೆಕ್ಕ ಹಾಕಿ, ಸುಮಾರು 1 ಗ್ರಾಂ. ಆಹಾರಕ್ಕೆ ಬೆರೆಸಲು ಬರುವ ಶೇ 20ರ ಗಾಢ ಪುಡಿಯಾದರೆ (ಪ್ರೀಮಿಕ್ಸ್) 5 ಗ್ರಾಂ, ಅಂದರೆ ಒಂದು ಟೀ ಚಮಚ. ಮೂಟೆಯ ಆಹಾರದಲ್ಲಿ ಅಷ್ಟು ಗಾಢವಾಗಿ ಇರುವುದಿಲ್ಲ, ಆದರೆ ಮಿಶ್ರಣ ಸರಿಯಾಗದ ಮೂಟೆಯ ತಳದಲ್ಲಿ ಎಷ್ಟಿದೆ ಅಂತ ಯಾರು ಅಳೆದಿದ್ದಾರೆ?

ಕೋಳಿ ಆಹಾರವೂ ಹಾಗೇ. ಅದರಲ್ಲಿ ಬರುವ ಅದೇ ಬಗೆಯ ಔಷಧ ಸ್ಯಾಲಿನೊಮೈಸಿನ್ ಕುದುರೆಗೆ ಮೊನೆನ್ಸಿನ್‌ಗಿಂತ ಕಟು. ದನದ ಆಹಾರ ಕಲಸಿದ ಬಾನಿ, ಬಕೆಟ್ಟು, ಸಲಿಕೆ ಕುದುರೆಗೆ ಬಳಸಬೇಡಿ. ಗೋದಲಿ ಬೇರೆ ಇರಲಿ.

ಯೂರಿಯಾ ಸೇರಿದ ಆಹಾರವಾದರೆ ಕುದುರೆಗೆ ಅದು ದಂಡ. ಹಸುವಿನಲ್ಲಿ ಯೂರಿಯಾ ರೂಮೆನ್‌ಗೆ ಬಿದ್ದು ಅಮೋನಿಯಾ ಆಗಿ, ಸೂಕ್ಷ್ಮಾಣುಗಳು ಅದನ್ನು ಪ್ರೋಟೀನು ಮಾಡುತ್ತವೆ. ಕುದುರೆಯಲ್ಲಿ ಸಣ್ಣ ಕರುಳಲ್ಲೇ ಹೀರಿಕೆಯಾಗಿ ಗಂಜಲದಲ್ಲಿ ಹೊರಗೆ ಹೋಗುತ್ತದೆ, ಹಂಡೆ ತನಕ ತಲುಪುವುದು ಅಷ್ಟಕ್ಕಷ್ಟೆ.

ಕಡಲೆಹೊಟ್ಟು

ಕಾಳಿನ ವಿಷಯ. ಹುರುಳಿಯನ್ನು ಕುದುರೆಗೆ ಬೇಯಿಸಿಯೇ ಹಾಕುವ ರೂಢಿ ಸುಮ್ಮನೆ ಬಂದದ್ದಲ್ಲ. ಹಸಿ ಹುರುಳಿಯಲ್ಲಿ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ಅಂಶ ಇದೆ. ಕುದುರೆ ಪ್ರೋಟೀನು ಅರಗಿಸುವುದು ಸಣ್ಣ ಕರುಳಿನ ಟ್ರಿಪ್ಸಿನ್‌ನಿಂದಲೇ, ಆದ್ದರಿಂದ ಬೇಯಿಸದಿದ್ದರೆ ಪ್ರೋಟೀನು ಪೋಲು. ಹಸುವಿನಲ್ಲಿ ಆ ತಡೆಯನ್ನು ರೂಮೆನ್ ಮೊದಲೇ ಒಡೆದುಹಾಕುತ್ತದೆ; ನೆನೆಸಿಯೋ ನುಚ್ಚು ಮಾಡಿಯೋ ಕೊಟ್ಟರೂ ನಡೆಯುತ್ತದೆ.

ಬೇಯಿಸುವುದಕ್ಕೆ ಇನ್ನೊಂದು ಕಾರಣ ಪಿಷ್ಟ. ಓಟ್ಸ್ ಪಿಷ್ಟ ಕುದುರೆಯ ಸಣ್ಣ ಕರುಳಲ್ಲಿ ಸುಲಭಕ್ಕೆ ಅರಗುತ್ತದೆ, ಹಸಿ ಮುಸುಕಿನಜೋಳದ್ದು ಅರಗುವುದಿಲ್ಲ. ಅರಗದ್ದು ಹಿಂದಿನ ಹಂಡೆಗೆ ಇಳಿಯುತ್ತದೆ, ಅಲ್ಲಿ ಲ್ಯಾಕ್ಟಿಕ್ ಆಮ್ಲ. ಒಂದು ಹೊತ್ತಿಗೆ ಕೆಜಿ ತೂಕಕ್ಕೆ 1 ಗ್ರಾಂ ಪಿಷ್ಟ ದಾಟದಂತೆ ನೋಡಿಕೊಳ್ಳುವುದು ಕ್ಷೇಮ. ಮುಸುಕಿನಜೋಳದಲ್ಲಿ ಪಿಷ್ಟ ಶೇ 70ರ ಹತ್ತಿರ. ನಿಮ್ಮ ಕುದುರೆಗೆ ಒಂದು ಹೊತ್ತಿಗೆ 500 ಗ್ರಾಂ ಅಂದರೆ ಅಲ್ಲಿಗೆ ಗಡಿ ಮುಟ್ಟಿತು, ಅದೂ ಬೇಯಿಸಿ. ಬೆಳಗ್ಗೆ ಒಂದೇ ಸಲ ಎರಡು ಕೆಜಿ ಸುರಿದು ಕೆಲಸಕ್ಕೆ ಹೊರಡುವುದು ಶೂಲೆಗೆ (ಕುದುರೆಯ ಹೊಟ್ಟೆನೋವು) ಆಹ್ವಾನ ಪತ್ರಿಕೆ.

ಹುಲ್ಲು ಮೊದಲು, ಕಾಳು ಆಮೇಲೆ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ, ತಿಂದಾಗ ಮಾತ್ರ ಅಲ್ಲ. ಜೊಲ್ಲು ಬರುವುದು ಮಾತ್ರ ಅಗಿಯುವಾಗ. ಆರೇಳು ಗಂಟೆ ಬಾಯಿ ಖಾಲಿ ಇದ್ದರೆ ಆಮ್ಲ ಹೊಟ್ಟೆಯ ಮೇಲರ್ಧವನ್ನು ಸುಡುತ್ತದೆ, ಅಲ್ಲಿ ರಕ್ಷಣೆಯ ಲೋಳೆಪದರ ಇಲ್ಲ. ರಾತ್ರಿ ಹುಲ್ಲು ಹೆಚ್ಚು ಹಾಕಿ.

ಬೂಷ್ಟು ಹಿಡಿದ ಮುಸುಕಿನಜೋಳ, ಕಾಳಾಗಲಿ ದಂಟಾಗಲಿ, ಕುದುರೆಯ ಹತ್ತಿರವೂ ಸುಳಿಯಬಾರದು. ಅದರಲ್ಲಿನ ಫ್ಯುಮೊನಿಸಿನ್ ಎಂಬ ಬೂಷ್ಟಿನ ವಿಷ ಕುದುರೆಯ ಮಿದುಳನ್ನು ಕರಗಿಸುತ್ತದೆ. ಹಸು ಅದನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ. ಹಾಗಂತ ಹಸುವಿಗೆ ತಳ್ಳಿಬಿಡಬೇಡಿ, ಬೂಷ್ಟಿನ ಇನ್ನೊಂದು ವಿಷ ಅಫ್ಲಟಾಕ್ಸಿನ್ ಹಾಲಿಗೆ ಇಳಿಯುತ್ತದೆ.

ಧಾರವಾಡದೆಮ್ಮಿ

ನೇಪಿಯರ್ ಮತ್ತ ಗೋಧಿ ಬೂಸಾ, ಈ ಜೋಡಿ ಬಗ್ಗೆ ಯಾರೂ ಹೇಳಲಿಲ್ಲಲ್ಲ. ಕುದುರಿಗೆ ಇದು ನಿಧಾನಕ್ಕ ಎಲುಬು ತಿನ್ನೋ ಜೋಡಿ ರೀ.

ನೇಪಿಯರ್, ಸೆಟೇರಿಯಾ, ಗಿನಿ ಹುಲ್ಲಿನ್ಯಾಗ ಆಕ್ಸಲೇಟ್ ಇರ್ತದ. ಅದು ಕ್ಯಾಲ್ಸಿಯಂ ಹಿಡಕೊಂಡು ಕೂಡ್ತದ, ಬಿಡೂದಿಲ್ಲ. ದನದ ರೂಮೆನ್ ಸೂಕ್ಷ್ಮಾಣು ರೂಢಿ ಆದ ಮ್ಯಾಲೆ ಆ ಆಕ್ಸಲೇಟ್ ಒಡದು ಕ್ಯಾಲ್ಸಿಯಂ ಬಿಡಸ್ತಾವ, ಆಮ್ಯಾಲೆ ಸಣ್ಣ ಕರುಳು ಹೀರತದ. ಕುದುರಿಯೊಳಗ ಸಣ್ಣ ಕರುಳು ಮೊದಲು, ಸೂಕ್ಷ್ಮಾಣು ಆಮ್ಯಾಲೆ. ಬಿಡಸೋ ಹೊತ್ತಿಗೆ ಹೀರೋ ಜಾಗಾ ದಾಟಿ ಹೋಗಿರ್ತದ. ಮೆಲುಕು ಅವರು ಹೇಳಿದ ಹಂಡೆ ಲೆಕ್ಕನ ಇಲ್ಲೂ.

ಇದರ ಮ್ಯಾಲೆ ಗೋಧಿ ಬೂಸಾ. ಒಂದು ಕೆಜಿ ಬೂಸಾದಾಗ ರಂಜಕ 11 ಗ್ರಾಂ ಆಸುಪಾಸು, ಕ್ಯಾಲ್ಸಿಯಂ ಒಂದೂವರಿ ಗ್ರಾಂನೂ ಇಲ್ಲ. ಕುದುರಿಗೆ ಕ್ಯಾಲ್ಸಿಯಂ ರಂಜಕಕ್ಕಿಂತ ಜಾಸ್ತಿ ಬೇಕು, ಒಂದೂವರಿ ಪಟ್ಟು ಇದ್ರ ಚಲೋ. ರಂಜಕ ಹೆಚ್ಚಾತಂದ್ರ ಮೈ ಎಲುಬಿನ್ಯಾಗಿಂದ ಕ್ಯಾಲ್ಸಿಯಂ ಕಿತ್ತಕೋತದ. ಮೊದಲು ಅಲ್ಲಿ ಇಲ್ಲಿ ಕುಂಟೂದು, ತಿಂಗಳುಗಟ್ಟಲೆ ಹಿಂಗ ನಡದ್ರ ಮಾರಿ ಎಲುಬು ಎರಡೂ ಕಡೆ ಉಬ್ಬತದ, ಹಲ್ಲು ಸಡ್ಲ ಆಗ್ತಾವ. ರಕ್ತದಾಗ ಕ್ಯಾಲ್ಸಿಯಂ ನೋಡಿದ್ರ ಬರಾಬರಿ ಕಾಣಸ್ತದ, ಅದನ್ನ ನೋಡಿ ಮೋಸ ಹೋಗಬ್ಯಾಡ್ರಿ.

ಏನ್ ಮಾಡಬೇಕು: ಬೂಸಾ ದಿನಕ್ಕ ಅರ್ಧ ಕೆಜಿ ದಾಟಬಾರದು. ಅದಕ್ಕ 15 ಗ್ರಾಂ ಮೇವಿಗೆ ಹಾಕೋ ಸುಣ್ಣಕಲ್ಲಿನ ಪುಡಿ ಕಲಸ್ರಿ (ಗ್ವಾಡಿಗೆ ಹಚ್ಚೋ ಸುಣ್ಣ ಅಲ್ಲ ಮತ್ತ, ಅದು ಬಾಯಿ ಸುಡ್ತದ). ನೇಪಿಯರ್ ಪೂರ್ತಿ ಮೇವಿನ ಕಾಲು ಭಾಗಕ್ಕ ನಿಲ್ಲಸ್ರಿ. ಕುದುರಿ ಮೆಂತಿ (ಲೂಸರ್ನ್) ಬೆಳೀರಿ, ಹೆಸರಿನ್ಯಾಗನ ಐತಿ. ಒಣಗಿಸಿದ ಒಂದು ಕೆಜಿಯೊಳಗ ಕ್ಯಾಲ್ಸಿಯಂ 12–15 ಗ್ರಾಂ.

ದನಕ್ಕ ಉಲ್ಟಾ ಆಗೋ ಒಂದು ಮಾತು. ಮಳಿ ಕೈಕೊಟ್ಟಾಗ ಚಿಗಿತ ಕೂಳೆ ಜೋಳ, ಮೊಣಕಾಲುದ್ದದ್ದು, ದನಕ್ಕ ಬಿಡಬ್ಯಾಡ್ರಿ. ಅದರ ಸಯನೈಡ್ ಬಿಡುಗಡೆ ಮಾಡೂದು ರೂಮೆನ್ ಸೂಕ್ಷ್ಮಾಣುನ. ಹಂಡೆ ಮುಂದ ಇದ್ದವರಿಗೆ ಇಲ್ಲಿ ಪೆಟ್ಟು ಜಾಸ್ತಿ, ಹತ್ತು ಹದಿನೈದು ನಿಮಿಷದಾಗ ಬಿದ್ದುಬಿಡ್ತಾವ.

ಹಿತ್ತಲಮನೆ

ಎಲ್ಲರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸ ಹಸುಗಳಿಗೆ ತಂದು ಸುರಿಯುತ್ತಾರಲ್ಲ, ಆಮೇಲೆ ಹೊಟ್ಟೆ ಉಬ್ಬರಿಸಿದರೆ ಮನೆಯಲ್ಲಿ ಏನು ಮಾಡಬಹುದು? ಕುದುರೆಗೆ ಹೊಟ್ಟೆ ನೋವು ಬಂದರೂ ಗೊಟ್ಟದಲ್ಲಿ (ದನಕ್ಕೆ ಔಷಧಿ ಕುಡಿಸುವ ಕೊಳವೆ) ಎಣ್ಣೆ ಕುಡಿಸಬಹುದಾ?

ಮೆಲುಕು

ಕುದುರೆಗೆ ಗೊಟ್ಟ ಬೇಡ. ಹಸುವಿಗೂ ಎಚ್ಚರಿಕೆಯಿಂದ.

ಮೊದಲು ಹಸುವಿನದು. ಎರಡು ಬೇರೆ ಬೇರೆ ಕಾಯಿಲೆಯನ್ನು ಒಂದೇ ಹೆಸರಲ್ಲಿ ಕರೆಯುತ್ತೇವೆ. ನಿಜವಾದ ಹೊಟ್ಟೆ ಉಬ್ಬರ ಗಾಳಿ ಸಿಕ್ಕಿಕೊಂಡದ್ದು. ಹಸುವಿನ ರೂಮೆನ್ ಗಂಟೆಗೆ ಹತ್ತಾರು ಲೀಟರ್ ಗಾಳಿ ಹುಟ್ಟಿಸುತ್ತದೆ, ನಿಮಿಷಕ್ಕೊಮ್ಮೆ ತೇಗಿ ಹೊರಹಾಕುತ್ತದೆ. ತೇಗು ನಿಂತರೆ ಎಡಪಕ್ಕೆಯ ಗುಳಿ ತುಂಬಿ ಬೆನ್ನುಮೂಳೆಗಿಂತ ಮೇಲೆ ಬರುತ್ತದೆ, ತಟ್ಟಿದರೆ ಡೋಲು. ಗಂಟಲಲ್ಲಿ ಗಡ್ಡೆಯೋ ಮಾವಿನ ಓಟೆಯೋ ಸಿಕ್ಕಿದರೆ ಬರೀ ಗಾಳಿ. ಎಳೆಯ ಕುದುರೆ ಮೆಂತೆ, ಅಲಸಂದೆ ಸೊಪ್ಪು ಹಸಿದ ಹೊಟ್ಟೆಗೆ ತಿಂದಾಗ ನೊರೆ ಉಬ್ಬರ: ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ದ್ರವದಲ್ಲಿ ಬೆರೆತು ತೇಗಿಗೆ ಸಿಗುವುದಿಲ್ಲ. ಎಣ್ಣೆ ಕೆಲಸ ಮಾಡುವುದು ನೊರೆ ಉಬ್ಬರಕ್ಕೆ. 250ರಿಂದ 500 ಮಿಲಿ ಶೇಂಗಾ ಅಥವಾ ಯಾವುದೇ ಅಡುಗೆ ಎಣ್ಣೆ ಗುಳ್ಳೆ ಒಡೆಯುತ್ತದೆ. ಮುಂಗಾಲು ಎತ್ತರದಲ್ಲಿ ಇರುವಂತೆ ನಿಲ್ಲಿಸಿ, ಬಾಯಿಗೆ ಅಡ್ಡಲಾಗಿ ಕೋಲು ಕಟ್ಟಿ ಅಗಿಯುವ ಹಾಗೆ ಮಾಡಿ. ಗೊಟ್ಟ ಎತ್ತುವಾಗ ಮೂಗು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗದಿರಲಿ, ನಾಲಿಗೆ ಎಳೆದು ಹಿಡಿಯಬೇಡಿ, ಕೆಮ್ಮಿದರೆ ತಲೆ ಬಿಟ್ಟುಬಿಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಉಬ್ಬರದಿಂದ ಬದುಕಿದ ಹಸು ನ್ಯುಮೋನಿಯಾದಲ್ಲಿ ಹೋಗುತ್ತದೆ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಎಣ್ಣೆಗೆ ಸಮಯವಿಲ್ಲ. ಪಶುವೈದ್ಯರು ನಳಿಕೆ ಹಾಕಬೇಕು ಅಥವಾ ಎಡಗುಳಿಯಲ್ಲಿ ಟ್ರೋಕಾರ್ (ಗಾಳಿ ಬಿಡಿಸುವ ಚೂಪು ನಳಿಕೆ) ಚುಚ್ಚಬೇಕು.

ಮದುವೆ ಅನ್ನದ ಕಥೆ ಬೇರೆ. ಅದು ಆಮ್ಲ ಏರಿದ್ದು. ಬೆಂದ ಪಿಷ್ಟ, ಸಕ್ಕರೆ ಒಮ್ಮೆಲೇ ಬಿದ್ದಾಗ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಉಳಿದವುಗಳನ್ನೆಲ್ಲ ಹಿಂದಿಕ್ಕುತ್ತವೆ. ಪಿಎಚ್ 5ರ ಕೆಳಗೆ ಇಳಿದರೆ ನಾರು ತಿನ್ನುವ ಸೈನ್ಯವೇ ಸಾಯುತ್ತದೆ, ಗೋಡೆ ಸುಡುತ್ತದೆ, ಮೈಯ ನೀರೆಲ್ಲ ರೂಮೆನ್‌ಗೆ ಸೆಳೆಯಲ್ಪಡುತ್ತದೆ. ಹೊಟ್ಟೆಯ ತುಂಬ ನೀರು ಕುಲುಕುವ ಸದ್ದು, ಆದರೆ ಕಣ್ಣು ಗುಳಿಬಿದ್ದಿರುತ್ತದೆ. ಹುಳಿ ವಾಸನೆಯ ತೆಳು ಸಗಣಿ, ತೂರಾಟ. ತಿಂದ 12ರಿಂದ 36 ಗಂಟೆಯಲ್ಲಿ ಕಾಣುತ್ತದೆ. ಇಲ್ಲಿ ಎಣ್ಣೆ ದಂಡ, ಅಡುಗೆ ಸೋಡಾ ಬೇಕು: ಕೆಜಿ ತೂಕಕ್ಕೆ 1 ಗ್ರಾಂ, ಅಂದರೆ ನಿಮ್ಮ ಹಸುವಿಗೆ 400 ಗ್ರಾಂ, ಎಂಟು ಹತ್ತು ಲೀಟರ್ ಬೆಚ್ಚನೆ ನೀರಿನಲ್ಲಿ. ಅಷ್ಟು ನೀರು ಗೊಟ್ಟದಲ್ಲಿ ಕುಡಿಸಲಾಗದು, ನಳಿಕೆಯಲ್ಲೇ ಹೋಗಬೇಕು, ಹಸು ಇನ್ನೂ ನಿಂತಿರುವಾಗಲೇ. ಮಲಗಿಬಿಟ್ಟಿದ್ದರೆ ರಕ್ತನಾಳದ ಮೂಲಕ ದ್ರವ ಕೊಡಬೇಕು, ರೂಮೆನ್ ತೆರೆದು ಖಾಲಿ ಮಾಡಬೇಕಾಗಿಯೂ ಬರಬಹುದು. ಚೇತರಿಸಿಕೊಳ್ಳುವಾಗ ಆರೋಗ್ಯವಂತ ಹಸುವಿನ ರೂಮೆನ್ ದ್ರವ ಎಂಟು ಹತ್ತು ಲೀಟರ್ ಹಾಕಿಸಿದರೆ ಹೊಸ ಸೈನ್ಯ ಬೇಗ ನಿಲ್ಲುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಮುಸುರೆ, ಕಲಗಚ್ಚು ದಿನವೂ ಸ್ವಲ್ಪ ಸ್ವಲ್ಪ ಕುಡಿಯುವ ಹಸುವಿಗೆ ಅದು ಅಭ್ಯಾಸವಾಗಿರುತ್ತದೆ. ಒಂದೇ ದಿನ ಹತ್ತು ಕೆಜಿ ಅನ್ನ ಬಿದ್ದಾಗಲೇ ಅಪಾಯ.

ಲಾಯದಬದಿ

ಕುದುರೆಯ ಭಾಗ ನಾನು ಬರೆಯುತ್ತೇನೆ. ಕುದುರೆಗೆ ವಾಂತಿ ಬರುವುದಿಲ್ಲ, ತೇಗೂ ಇಲ್ಲ ಅನ್ನಬಹುದು. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಸ್ನಾಯು ಅಷ್ಟು ಬಿಗಿ. ಮುಂದೆ ಕರುಳು ಕಟ್ಟಿಕೊಂಡು ದ್ರವ ಹಿಂದಕ್ಕೆ ಬಂದರೆ ಹೊಟ್ಟೆಯೇ ಒಡೆಯುತ್ತದೆ. ಅಂಥ ಹೊಟ್ಟೆಗೆ ಮೇಲಿಂದ ಎಣ್ಣೆ ಸುರಿದರೆ ಏನಾಗುತ್ತದೆ ಯೋಚಿಸಿ. ಪಶುವೈದ್ಯರು ಮೂಗಿನ ಮೂಲಕ ನಳಿಕೆ ಇಳಿಸುವುದು ಮೊದಲು ಹೊರತೆಗೆಯಲು, ಆಮೇಲೆ ಬೇಕಾದರೆ ಒಳಹಾಕಲು.

ಫೋನ್ ಮಾಡಿ ಅವರು ಬರುವ ತನಕ: ಮೇವು ಎಲ್ಲ ತೆಗೆಯಿರಿ. ದವಡೆಯ ಕೆಳಗೆ ನಾಡಿ ಎಣಿಸಿ. ಸಹಜ ನಿಮಿಷಕ್ಕೆ 28–44, 60 ದಾಟಿದರೆ ತಡಮಾಡುವ ಹಾಗಿಲ್ಲ. ವಸಡು ಒತ್ತಿ ಬಿಡಿ, ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಎರಡೂ ಪಕ್ಕೆಗೆ ಕಿವಿ ಕೊಟ್ಟು ಕೇಳಿ; ಗುಡುಗುಡು ಇದ್ದರೆ ಸಮಾಧಾನ, ಪೂರ್ತಿ ಮೌನ ಕೆಟ್ಟದ್ದು. ಕೊನೆಯ ಲದ್ದಿ ಎಷ್ಟು ಹೊತ್ತಿಗೆ ಹಾಕಿತು, ಗಟ್ಟಿಯೋ ತೆಳುವೋ ಬರೆದಿಡಿ. ಉರುಳಾಡಿ ಗಾಯ ಮಾಡಿಕೊಳ್ಳುತ್ತಿದ್ದರೆ ನಿಧಾನವಾಗಿ ನಡೆಸಿ. ಸುಮ್ಮನೆ ಮಲಗಿದ್ದರೆ ಎಬ್ಬಿಸಿ ಗಂಟೆಗಟ್ಟಲೆ ಸುತ್ತಿಸಬೇಡಿ, ಸುಸ್ತಾಗುವುದು ಬಿಟ್ಟರೆ ಪ್ರಯೋಜನವಿಲ್ಲ. ನೋವಿನ ಮಾತ್ರೆ ನೀವೇ ಕೊಟ್ಟರೆ ನಾಡಿಯ ಲೆಕ್ಕ ತಪ್ಪುತ್ತದೆ.

ನಿಮ್ಮ ಮೇವಿನ ಪಟ್ಟಿ ನೋಡಿದರೆ ಕಾಣುವ ಅಪಾಯ ಲದ್ದಿ ಕಟ್ಟುವ ಶೂಲೆ. ದೊಡ್ಡ ಕರುಳು ಎಡಗಡೆ ಹಿಂದಕ್ಕೆ ಹೋಗಿ, ಸೊಂಟದ ಹತ್ತಿರ ಯು ತಿರುವು ತೆಗೆದುಕೊಂಡು ವಾಪಸ್ ಬರುತ್ತದೆ. ಆ ತಿರುವಿನಲ್ಲೇ ಕೊಳವೆ ಕಿರಿದಾಗುತ್ತದೆ. ಒಣ ರಾಗಿ ಹುಲ್ಲು, ಬಲಿತ ನೇಪಿಯರ್ ದಂಟು, ಕಡಿಮೆ ನೀರು, ಕೆಟ್ಟ ಹಲ್ಲು, ಈ ನಾಲ್ಕರಲ್ಲಿ ಎರಡು ಸೇರಿದರೆ ಅಲ್ಲಿ ಬಿರಡೆ ಬೀಳುತ್ತದೆ. 350 ಕೆಜಿ ಕುದುರೆಗೆ ದಿನಕ್ಕೆ 5ರಿಂದ 7 ಕೆಜಿ ಒಣ ಲೆಕ್ಕದ ಮೇವು, ಅದಕ್ಕೆ 20–28 ಲೀಟರ್ ನೀರು, ಬಿಸಿಲಲ್ಲಿ ದುಡಿದರೆ ಇನ್ನೂ ಹೆಚ್ಚು. ಉಪ್ಪು 25–30 ಗ್ರಾಂ ಹಾಕಿದರೆ ತಾನಾಗಿ ಕುಡಿಯುತ್ತದೆ. ನೇಪಿಯರ್‌ನಲ್ಲಿ ಒಣ ಅಂಶ ಶೇ 20ರ ಆಸುಪಾಸು, 10 ಕೆಜಿ ಹಾಕಿದರೂ ಲೆಕ್ಕಕ್ಕೆ ಸಿಗುವುದು 2 ಕೆಜಿ.

ಕುದುರೆ ಕಳ್ಳತನದಲ್ಲಿ ನುಚ್ಚಿನ ಮೂಟೆಗೆ ಬಾಯಿ ಹಾಕಿದ್ದು ಗೊತ್ತಾದರೆ, ಹೊಟ್ಟೆ ಸರಿಯಾಗಿ ಕಂಡರೂ ಕರೆಯಿರಿ. ಪೆಟ್ಟು ಕಾಣುವುದು ಒಂದೆರಡು ದಿನ ಕಳೆದು, ಅದೂ ಗೊರಸಿನಲ್ಲಿ. ಹಿಂದಿನ ಹಂಡೆಯಲ್ಲಿ ಲ್ಯಾಕ್ಟಿಕ್ ಏರಿ ಸತ್ತ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರಿ ಗೊರಸಿನ ಒಳಪದರ ಊದುತ್ತದೆ. ಮುಂಗಾಲು ಮುಂದಕ್ಕೆ ಚಾಚಿ ಹಿಂಗಾಲ ಮೇಲೆ ಭಾರ ಹಾಕಿ ನಿಲ್ಲುತ್ತದೆ. ಅದು ಶುರುವಾಗುವ ಮೊದಲೇ ನಾಲ್ಕೂ ಗೊರಸನ್ನು ಐಸ್ ನೀರಿನಲ್ಲಿ, ಬಿಡದೆ ಎರಡು ಮೂರು ದಿನ, ಇಟ್ಟರೆ ಉಳಿಯುವ ಸಾಧ್ಯತೆ ಹೆಚ್ಚು.

ಸೂಜಿಕಡ್ಡಿ

ಹಸುವಿನ ಕಡೆಗೆ ಎರಡು ಸಾಲು. ಹಸುವಿಗೆ ನಾಲ್ಕು ಹೊಟ್ಟೆ ಅನ್ನುವುದು ಮಾತಿನ ರೂಢಿ, ಇರುವುದು ನಾಲ್ಕು ಕೋಣೆಯ ಒಂದೇ ಹೊಟ್ಟೆ. ಎರಡನೇ ಕೋಣೆ, ಜೇನುಗೂಡಿನ ಹಾಗಿರುವುದು, ಭಾರದ ವಸ್ತು ಹೋಗಿ ಕೂರುವ ಜಾಗ. ಹಸು ಅಗಿಯದೆ ನುಂಗುವುದರಿಂದ ತಂತಿ ಚೂರು, ಮೊಳೆ ಅಲ್ಲಿಗೇ ಬೀಳುತ್ತವೆ. ಅದು ಹಿಂಡಿದಾಗ ಮುಂದಕ್ಕೆ ಚುಚ್ಚಿ, ವಪೆ (ಎದೆ, ಹೊಟ್ಟೆಗಳ ನಡುವಿನ ಪರದೆ) ದಾಟಿ ಹೃದಯ ಮುಟ್ಟುತ್ತವೆ. ನಡುವಿನ ದೂರ ಕೆಲವೇ ಸೆಂಟಿಮೀಟರ್. ಮೇವು ಕತ್ತರಿಸುವ ಯಂತ್ರದ ಬಾಯಿಗೆ ಆಯಸ್ಕಾಂತ ಕಟ್ಟಿ. ಅಗಿದು ಆರಿಸಿ ತಿನ್ನುವ ಕುದುರೆಗೆ ಈ ಕಾಯಿಲೆ ಅಪರೂಪ.

ಕುದುರೆಗೆ ಪಿತ್ತಕೋಶ ಇಲ್ಲ, ಪಿತ್ತರಸ ತೊಟ್ಟಿಕ್ಕುತ್ತಲೇ ಇರುತ್ತದೆ. ಗೋರೋಚನ ಗೋವಿನ ಪಿತ್ತಕೋಶದ ಕಲ್ಲು. 

ಹಿತ್ತಲಮನೆ

ಹಾಗಾದರೆ ಕುದುರೆಗೆ ಹಾಕುತ್ತಿದ್ದ ಪಶು ಆಹಾರ ಇಂದಿನಿಂದಲೇ ನಿಲ್ಲಿಸಿ, ಹುರುಳಿ, ಕುದುರೆ ಮೆಂತೆಗೆ ಬದಲಿಸುತ್ತೇನೆ. ಒಂದೇ ದಿನದಲ್ಲಿ ಬದಲಿಸಬಹುದಾ?

ಕಡಲೆಹೊಟ್ಟು

ಪಶು ಆಹಾರ ಒಂದೇ ದಿನಕ್ಕೆ ನಿಲ್ಲಿಸಿ, ತೆಗೆಯುವುದರಿಂದ ತೊಂದರೆಯಿಲ್ಲ. ಆ ಜಾಗಕ್ಕೆ ಹುಲ್ಲು ಹಾಕಿ. ಹೊಸದನ್ನು ಸೇರಿಸುವುದು ಮಾತ್ರ ನಿಧಾನ: ಗುರಿ ಪ್ರಮಾಣದ ಕಾಲು ಭಾಗದಿಂದ ಶುರುಮಾಡಿ, ಮೂರು ದಿನಕ್ಕೊಮ್ಮೆ ಇನ್ನೊಂದು ಕಾಲು. ಹತ್ತನೇ ದಿನಕ್ಕೆ ಪೂರ್ತಿ. ಗುರಿ ಅಂದರೆ ಬೇಯಿಸಿದ ಹುರುಳಿ, ಒಣ ತೂಕದಲ್ಲಿ 1 ಕೆಜಿ, ಮೂರು ಹೊತ್ತಿಗೆ ಹಂಚಿ. ಹಸಿ ಕುದುರೆ ಮೆಂತೆ 5 ಕೆಜಿ, ಬಾಡಿಸಿ. ಹಗುರ ಕೆಲಸದ ಕುದುರೆಗೆ ಇಷ್ಟು ಸಾಕು. ನಡುವೆ ಲದ್ದಿ ಉಂಡೆ ಕಟ್ಟುವುದನ್ನು ಬಿಟ್ಟು ಸಗಣಿಯಂತೆ ಬಿದ್ದರೆ ಹಿಂದಿನ ಮೆಟ್ಟಿಲಿಗೆ ಇಳಿದು ಮೂರು ದಿನ ನಿಲ್ಲಿ. ಹಸುಗಳಿಗೆ ನುಚ್ಚಿನ ಪ್ರಮಾಣ ಏರಿಸುವುದಾದರೆ ಎರಡು ಮೂರು ವಾರ ತೆಗೆದುಕೊಳ್ಳಿ.

ಧಾರವಾಡದೆಮ್ಮಿ

ಮತ್ತ ಮೇವು ನೆಲದ ಮ್ಯಾಲೆ ಹಾಕ್ತಿದ್ರ ವಾರಕ್ಕೊಮ್ಮಿ ಹಿಂಗ್ ನೋಡ್ರಿ: ಐದಾರು ಉಂಡಿ ಲದ್ದಿ ಪ್ಲಾಸ್ಟಿಕ್ ಚೀಲದಾಗ ಹಾಕಿ ನೀರು ತುಂಬಿ, ಕಲಸಿ, ಒಂದು ಮೂಲಿ ಕೆಳಗ ಬರೂವಂಗ ಅರ್ಧ ತಾಸು ತೂಗಬಿಡ್ರಿ. ಮೂಲಿಯೊಳಗ ಒಂದು ಚಮಚಕ್ಕಿಂತ ಹೆಚ್ಚು ಉಸುಕು ಕುಂತ್ರ ಕರುಳಿನ್ಯಾಗೂ ಐತಿ ಅಂತನ. ಗ್ವಾದಲಿ ಮಾಡಸ್ರಿ, ಇಲ್ಲಾ ಕೆಳಗ ರಬ್ಬರ್ ಹಾಸ ಹಾಕ್ರಿ.